ಚಕ್ರಕ್ಕೆ ಹಾಕಿದ ನೀರು

ಗಡಹಿಂಗ್ಲಜದ ಅಕ್ಕಿ ವ್ಯಾಪಾರಿ ದುಂಡಪ್ಪನಿಗೆ ಕೊಳ್ಳುವ ವಸ್ತು ಯಾವುದಿದ್ದರೂ ಅದು ಎತ್ತಿನಂತೆಯೇ ಕಾಣುತ್ತಿತ್ತು. ಅಂಗಡಿಗೆ ಗೋಡೆ ಗಡಿಯಾರ ತರುವಾಗ ಕೂಡ ಅದರ ಬೆನ್ನು ತಟ್ಟಿ, ಕಿವಿಗೊಟ್ಟು ಉಸಿರು ಕೇಳಿ, “ಎಂಟು ದಿನ ಕಟ್ಟಿ ನೋಡ್ತೇನಿ. ಛಲೋ ನಡದ್ರ ರೊಕ್ಕ, ಇಲ್ಲಾಂದ್ರ ನಿನ್ನ ಗಡಿಯಾರ ನಿನಗ” ಎಂದು ಹೇಳಿ ಎತ್ತಿಕೊಂಡು ಬಂದಿದ್ದ. ಅಂಥವನ ಎದುರು ಅವನ ಮಗ ಗುರುಸಿದ್ದ, ಮೃಗಶಿರದ ಮಳೆ ಹಿಡಿದ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ ಜೀಪಿನ ಮಾತು ತೆಗೆದ.

“ಕೊಲ್ಹಾಪುರದಾಗ ಬಾಪೂಸಾಹೇಬ ಅಂತ ಒಬ್ಬ ಗುತ್ತಿಗೆದಾರ ಅದಾನಪ್ಪಾ. ಅವನ ಹಂತ್ಯಾಕ ಹಳೇ ಮಿಲಿಟರಿ ಜೀಪು ಐತಿ. ಯುದ್ಧ ಮುಗದ ಮ್ಯಾಲ ಲಿಲಾವದಾಗ ಹಿಡದಾನಂತ. ಎಂಟನೂರಕ್ಕ ಕೊಡತೇನಿ ಅಂತಾನ.”

“ನಡೀತೈತೇನು?”

“ನಡಿಯೂದು ನಡೀತೈತಿ. ನಿಂದರೂದs ಸ್ವಲ್ಪ ತಡಾ.”

ರೊಟ್ಟಿ ಹಾಕಲು ಬಂದ ತಾಯಿ ಅಕ್ಕವ್ವ ಅಲ್ಲೇ ನಿಂತಳು. ಅದೇ ಹೊತ್ತಿಗೆ ಮಾಡಿನ ಸಂದಿಯಿಂದ ಒಂದು ದಪ್ಪ ಹನಿ ನೇರವಾಗಿ ದುಂಡಪ್ಪನ ಬೇಳೆಯ ಬಟ್ಟಲಿಗೆ ಬಿತ್ತು.

“ನೋಡ್ರಿ, ಶಿವನs ಉತ್ತರಾ ಕೊಟ್ಟಾನ” ಎಂದಳು ಅಕ್ಕವ್ವ. “ಅಡಿಗಿಮನಿಗೆ ಮಂಗಳೂರು ಹಂಚು ಹಾಕಸ್ತೇನಿ ಅಂತ ಮೂರು ಬ್ಯಾಸಗಿ ಆತು ಹೇಳಾಕತ್ತೀರಿ. ಈಗ ಆ ರೊಕ್ಕಾ ಒಯ್ದು ಮುರುಕ ಮೋಟರಿಗೆ ಹಾಕ್ತೀರೇನು?”

ಮುನಿಸಿಗೆ ಕಾರಣವಿತ್ತು. ಆ ಅಡಿಗೆಮನೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಒಲೆಯ ಮೇಲೆ ಇರುವ ಪಾತ್ರೆಗಳಿಗಿಂತ ಸೋರುವಲ್ಲಿ ಇಟ್ಟ ಪಾತ್ರೆಗಳೇ ಹೆಚ್ಚು. ಆದರೆ ಗುರುಸಿದ್ದನ ಮಾತಿನಲ್ಲೂ ಹುರುಳಿತ್ತು. ಅವರ ಅಂಗಡಿ ನಡೆಯುತ್ತಿದ್ದುದೇ ಆಜರಾ ಗುಡ್ಡಗಳ ಘಮಘಮಿಸುವ ಘನಸಾಳ ಅಕ್ಕಿಯ ಮೇಲೆ. ಎಸ್.ಟಿ. ಬಸ್ಸು ಆಜರಾದವರೆಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ, ಅಕ್ಕಿ ಬೆಳೆಯುವ ಹಳ್ಳಿಗಳಿಗೆ, ಆರು ಮೈಲು ಕೆಂಪು ಕೆಸರು ಮತ್ತು ಎರಡು ಹಳ್ಳ. ಮಳೆ ಹಿಡಿಯಿತೆಂದರೆ ದಸರೆಯವರೆಗೆ ಯಾವ ಚಕ್ಕಡಿಯೂ ಆ ಕಡೆ ಹೋಗುತ್ತಿರಲಿಲ್ಲ.

“ಅಕ್ಕಿ ಗುಡ್ಡದಾಗ ಬಿದ್ದಿರತೈತಿ, ಗಿರಾಕಿ ಅಂಗಡ್ಯಾಗ ಬಾಯಿ ತಕ್ಕೊಂಡು ಕುಂತಿರತಾರ” ಎಂದ ಗುರುಸಿದ್ದ. “ಜೀಪಿಗೆ ನಾಕೂ ಗಾಲಿ ಎಳೀತಾವವ್ವಾ. ಕೆಸರು ಅದಕ್ಕ ಲೆಕ್ಕಕ್ಕಿಲ್ಲ.”

“ಯುದ್ಧದಾಗ ಎಷ್ಟು ಹೆಣಾ ಹೊತ್ತೈತೋ ಅದರ ಲೆಕ್ಕಾ ಹೇಳು ಮದಲ! ನನ್ನ ಅಂಗಳದಾಗ ಅದು ಬ್ಯಾಡ.”

ದುಂಡಪ್ಪ ಹನಿ ಬಿದ್ದ ಬೇಳೆಯನ್ನೇ ಕಲಸುತ್ತಾ ನಕ್ಕ. “ಲಿಂಗ ಕಟ್ಟಿದವರಿಗೆ ಸೂತಕಿಲ್ಲ ಅಂತ ಮಠದ ಅಜ್ಜಾರು ಹೇಳಿಲ್ಲೇನು?”

“ಸೂತಕಿಲ್ಲ, ಖರೇ. ಹೆದರಿಕಿ ಐತೆಲ್ಲ?” ಎಂದು ಅಕ್ಕವ್ವ ರೊಟ್ಟಿಯನ್ನು ತಾಟಿಗೆ ತಟ್ಟೆಂದು ಹಾಕಿ ಒಳಗೆ ಹೋದಳು.

ಈ ಮಾತನ್ನೆಲ್ಲ ಸೊಸೆ ಬಾಳಕ್ಕ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಅವಳ ತವರು ಆ ಎರಡು ಹಳ್ಳಗಳ ಆಚೆಗಿತ್ತು. ಬೇಸಿಗೆಯಲ್ಲಿ ಹೋಗಿ ಬರುತ್ತಿದ್ದಳು, ಅದಕ್ಕೇನೂ ಅಡ್ಡಿಯಿರಲಿಲ್ಲ. ಆದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬವೆಂದರೆ ನಾಗರ ಪಂಚಮಿ, ಅದು ಬರುವುದು ಶ್ರಾವಣದ ಜಡಿಮಳೆಯಲ್ಲಿ. ಮದುವೆಯಾದ ವರ್ಷ ಅಣ್ಣ ಅಲ್ಲಪ್ಪ ಪಂಚಮಿಗೆ ಕರೆಯಲು ಚಕ್ಕಡಿ ಕಟ್ಟಿಕೊಂಡು ಹೊರಟಿದ್ದ. ಎರಡನೆಯ ಹಳ್ಳದಲ್ಲಿ ಚಕ್ಕಡಿ ಹೂತು, ಒಂದು ಎತ್ತು ಕಾಲು ಮುರಿದುಕೊಂಡಿತು. ‘ಹಬ್ಬಕ್ಕಿಂತ ಎತ್ತು ದೊಡ್ಡದು, ಇನ್ನು ಕರೆಯಲು ಬರಬೇಡ’ ಎಂದು ಬಾಳಕ್ಕನೇ ಹೇಳಿ ಕಳಿಸಿದ್ದಳು. ಅವನು ಬರಲಿಲ್ಲ. ಒಂಬತ್ತು ಪಂಚಮಿಗಳು ಹಾಗೇ ಹೋದವು. ಓಣಿಯ ಸೊಸೆಯರೆಲ್ಲ ಬುತ್ತಿ ಕಟ್ಟಿಕೊಂಡು ತವರಿಗೆ ಹೋದ ಮೇಲೆ ಬಾವಿಕಟ್ಟೆಯಲ್ಲಿ ಅವಳೊಬ್ಬಳೇ ನೀರು ಸೇದುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ಬಹಳ ಕೆಟ್ಟದೆನಿಸುತ್ತಿತ್ತು, ಆದರೆ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ.

ಮುಂದಿನ ಮೂರು ವಾರ ಆ ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ದುಂಡಪ್ಪ “ನೋಡಿದ್ರೇನು ಗಂಟು ಹೋಗತೈತಿ?” ಅನ್ನುವನು. ಅಕ್ಕವ್ವ “ಗಂಟು ಹೋಗೂದು ನೋಡಿದ ಮ್ಯಾಲನ” ಅನ್ನುವಳು. ಬೆಳಗಿನ ಚಹಾಕ್ಕೆ ಶುರುವಾದ ಜಗಳ ಮಧ್ಯಾಹ್ನದ ರೊಟ್ಟಿಗೆ ಬಿಸಿಯಾಗಿ ಸಂಜೆಯ ಅಂಬಲಿಗೆ ಆರುತ್ತಿತ್ತು. ಮರುದಿನ ಮತ್ತೆ ಅದನ್ನೇ ಕಾಯಿಸುತ್ತಿದ್ದರು.

ಒಂದು ದಿನ ಬಾಳಕ್ಕ ಅಕ್ಕಿ ಹಸನು ಮಾಡುತ್ತಾ ಕೂತಾಗ ಗುರುಸಿದ್ದ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ನೀ ಒಂದು ಮಾತು ಹೇಳು. ನೀ ಅಂದ್ರ ಅವ್ವ ಕೇಳತಾಳ.”

“ನಾ ಹೇಳಿದ್ರ, ಸೊಸಿ ತವರಮನಿಗೆ ಹೋಗಾಕ ಗಾಡಿ ತರಸಿದ್ಲು ಅಂತ ಊರಾಗ ಡಂಗುರ ಆಗತೈತಿ. ಅತ್ತಿಯಾರ ಅಡಿಗಿಮನಿ ಹಂಚು ನನ್ನ ತಲಿ ಮ್ಯಾಲ ಬೀಳೂದು ಬ್ಯಾಡ. ನಾ ಒಲ್ಲೆ.”

“ಹೋಗೂ ಮನಸೈತೋ ಇಲ್ಲೋ?”

ಬಾಳಕ್ಕ ಮೊರವನ್ನು ಒಮ್ಮೆ ಜೋರಾಗಿ ಕೇರಿದಳು. “ಅಕ್ಕ್ಯಾಗಿನ ಹಳ್ಳಾ ಆರಿಸಾಕತ್ತೇನಿ, ಬೆಳಕಿಗೆ ಅಡ್ಡ ಕುಂದರಬ್ಯಾಡ್ರಿ” ಎಂದಳು. ಗುರುಸಿದ್ದನಿಗೆ ಉತ್ತರ ಸಿಕ್ಕಿತು.

ಆಷಾಢ ಮುಗಿಯುವ ಹೊತ್ತಿಗೆ ದುಂಡಪ್ಪ ಮಗನನ್ನು ಕರೆದುಕೊಂಡು ಕೊಲ್ಹಾಪುರದ ಬಸ್ಸು ಹತ್ತಿಯೇಬಿಟ್ಟ. ಜೀಪು ನೋಡಿ ಹೇಳಲೆಂದು ಅಲ್ಲಿಗೆ ಇಚಲಕರಂಜಿಯಿಂದ ಕೃಷ್ಣಾತ ಎಂಬ ಮಿಸ್ತ್ರಿಯೂ ಬಂದಿದ್ದ. ಕೃಷ್ಣಾತ ಇಚಲಕರಂಜಿಯ ಶಹಾಪುರ ಭಾಗದಲ್ಲಿ ಪವರ್‌ಲೂಮ್ ಮಗ್ಗಗಳನ್ನು ರಿಪೇರಿ ಮಾಡುವವನು. ಅದಕ್ಕೂ ಮೊದಲು ಲಷ್ಕರದಲ್ಲಿ ಇಂಥವೇ ಜೀಪುಗಳನ್ನು ಓಡಿಸಿದವನು. ಅವನು ಕೆಳಗೆ ನುಸುಳಿ ನಟ್ಟು ಬೋಲ್ಟು ನೋಡುತ್ತಿದ್ದರೆ, ಮೇಲೆ ದುಂಡಪ್ಪ ತನ್ನ ಪರೀಕ್ಷೆ ನಡೆಸಿದ. ಸುತ್ತು ಹಾಕಿದ. ಟಯರುಗಳನ್ನು ಗೊರಸಿನಂತೆ ಒತ್ತಿ ನೋಡಿದ. ಬಾನೆಟ್ಟಿನ ಮುಂದೆ ನಿಂತು, “ಬಾಯಿ ತಗೀರಿ, ಹಲ್ಲು ನೋಡೂಣು” ಎಂದ.

ಬಾಪೂಸಾಹೇಬನಿಗೆ ನಗು ತಡೆಯಲಾಗಲಿಲ್ಲ. “ಅಹೋ ದುಂಡಪ್ಪಾ, ಹಾ ಬೈಲ ನಾಹೀ, ಜೀಪ ಆಹೇ!” ಎಂದು, ಇದು ಎತ್ತಲ್ಲ ಜೀಪು ಎಂಬುದನ್ನು ಮರಾಠಿಯಲ್ಲಿ ಹೇಳಿದ.

“ಎತ್ತಾಗಲಿ ಜೀಪಾಗಲಿ, ಎಳಿಯೂದs ಕೆಲಸಲ್ರಿ? ಎಂಟು ದಿನ ಕಟ್ಟಿ ನೋಡ್ತೇನಿ. ಒಂಬತ್ತನೇ ದಿನ ನೀವು ಗಡಹಿಂಗ್ಲಜಕ್ಕ ಬರ್ರಿ. ಮನಸಿಗೆ ಬಂದ್ರ ರೊಕ್ಕ ಒಯ್ರಿ, ಇಲ್ಲಾಂದ್ರ ಜೀಪು ಒಯ್ರಿ.”

ಜೀಪಿನ ತಳದಲ್ಲಿ ಎರಡು ವರ್ಷದ ಹುಲ್ಲು ಬೆಳೆದಿತ್ತು. ಬಾಪೂಸಾಹೇಬ ಇಲ್ಲವೆನ್ನಲಿಲ್ಲ.

ಇಲ್ಲಿ ಆ ಮನೆಯ ಒಂದು ಪದ್ಧತಿ ಹೇಳಬೇಕು. ಪರೀಕ್ಷೆಗೆಂದು ತಂದ ಎತ್ತನ್ನು ದುಂಡಪ್ಪ ಎಂದೂ ಅಂಗಳದ ಅಗಸೆ ಬಾಗಿಲಿನ ಒಳಗೆ ತರುತ್ತಿರಲಿಲ್ಲ, ಹೊರಗಿನ ಬೇವಿನ ಮರಕ್ಕೆ ಕಟ್ಟುತ್ತಿದ್ದ. ಎಂಟು ದಿನ ದುಡಿಸಿ ಒಪ್ಪಿಗೆಯಾದ ಮೇಲೆಯೇ ಅದು ಅಂಗಳಕ್ಕೆ ಬರಬೇಕು, ಆಗ ಮನೆಯ ಹಿರಿಯ ಹೆಣ್ಣು ಅದರ ಕಾಲಿಗೆ ನೀರು ಹಾಕಿ ಹಣೆಗೆ ಕುಂಕುಮ ಹಚ್ಚಬೇಕು. ಒಮ್ಮೆ ನೀರು ಬಿತ್ತೆಂದರೆ ಅದು ಮನೆಯದು. ಮಾರಬಾರದು, ತಿರುಗಿ ಕೊಡಬಾರದು. ದುಂಡಪ್ಪನ ತಾಯಿಯ ಕಾಲದಲ್ಲಿ ಒಂದು ಎತ್ತು ಹಗ್ಗ ಹರಿದುಕೊಂಡು ತಾನೇ ಒಳಗೆ ಬಂದು, ಮುದುಕಿಯಿಂದ ನೀರು ಹಾಕಿಸಿಕೊಂಡಿತ್ತು. ಅದು ನೊಗ ಕಂಡರೆ ಮಲಗುವ ಎತ್ತು. ಆದರೂ ಹನ್ನೊಂದು ವರ್ಷ ಕೂತು ಮೇವು ತಿಂದು, ಮನೆಯವರ ಕೈಯಲ್ಲೇ ಮಣ್ಣಾಯಿತು.

ಜೀಪನ್ನೂ ಬೇವಿನ ಮರದ ಕೆಳಗೆ ನಿಲ್ಲಿಸುವುದೆಂದೇ ನಿಶ್ಚಯವಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಸೋನೆ ಮಳೆಯಲ್ಲಿ, ಕೃಷ್ಣಾತನ ಪಕ್ಕದಲ್ಲಿ ಪೇಟ ಬಿಗಿಹಿಡಿದು ಕೂತ ದುಂಡಪ್ಪ ಓಣಿಗೆ ಬಂದ. ಬೇವಿನ ಮರ ಬಂತು. ಕೃಷ್ಣಾತ ಬ್ರೇಕು ತುಳಿದ. ಮರ ಹಿಂದಕ್ಕೆ ಹೋಯಿತು. ಎಂಜಿನ್ನು ಆರಿದ ಜೀಪು ತನ್ನಷ್ಟಕ್ಕೆ ತಾನು ಇಳಿಜಾರಿನಲ್ಲಿ ಅಗಸೆ ದಾಟಿ, ಅಂಗಳಕ್ಕೆ ಬಂದು, ಕುಳ್ಳಿನ ರಾಶಿಗೆ ಮೂತಿ ಇಟ್ಟು ನಿಂತಿತು.

“ಬಂದ್ವಿ!” ಎಂದು ದುಂಡಪ್ಪ ಅಭ್ಯಾಸದಂತೆ ಕೂಗಿದ.

ಅಕ್ಕವ್ವ ದೇವರ ದೀಪ ಹಚ್ಚಿ ಕುಂಕುಮದ ಕೈಯಲ್ಲೇ ಎದ್ದಿದ್ದಳು. ಅಂಗಳದಲ್ಲಿ ಗಾಲಿಯ ಸಪ್ಪಳ, ಗಂಡನ ಕೂಗು. ಮೂವತ್ತು ವರ್ಷ ಇದೇ ಸಪ್ಪಳಕ್ಕೆ, ಇದೇ ಕೂಗಿಗೆ ಅವಳು ತಂಬಿಗೆ ಹಿಡಿದು ಹೊರಬಂದವಳು. ಈಗಲೂ ಬಂದಳು. ಮಬ್ಬುಗತ್ತಲಲ್ಲಿ ಬಾಗಿ ಮುಂದಿನ ಎರಡು ಚಕ್ರಗಳಿಗೆ ನೀರು ಹಾಕಿದಳು, ಎದ್ದು ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಬೆರಳಿಗೆ ತಗಡು ಬಿಸಿಯಾಗಿ ಹತ್ತಿದಾಗ “ಅಯ್ಯ ಶಿವನ!” ಎಂದು ಕೈ ಹಿಂದಕ್ಕೆಳೆದುಕೊಂಡಳು.

ಮೊದಲು ನಕ್ಕವಳು ಎಂಟು ವರ್ಷದ ಮೊಮ್ಮಗಳು ತಾರವ್ವ.

“ಆತು ಬಿಡು” ಎಂದ ದುಂಡಪ್ಪ, ಮೀಸೆಯೊಳಗೆ. “ನೀರು ಬಿತ್ತು.”

“ಏನಾತು? ನೀರು ಹಾಕೂದು ಎತ್ತಿಗೆ, ತಗಡಿಗಲ್ಲ!”

“ನಾ ಹಾಕಂದಿದ್ನೇನು?”

“ನನಗ ಕತ್ತಲ್ಯಾಗ ಕಾಣಲಿಲ್ಲ. ಅದು ಲೆಕ್ಕಕ್ಕಿಲ್ಲ. ಒಂಬತ್ತನೇ ದಿನ ಇದು ಕೊಲ್ಹಾಪುರಕ್ಕ ಹೋಗsಬೇಕು!”

ಅವತ್ತು ರಾತ್ರಿ ಅಕ್ಕವ್ವ ತಾಟುಗಳನ್ನು ಸಪ್ಪಳ ಮಾಡುತ್ತಲೇ ಬಡಿಸಿದಳು. ಅಕ್ಕವ್ವನಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದಿದ್ದು ತನ್ನ ಕೈಯ ಮೇಲೆಯೇ.

ಸುದ್ದಿ ಬೆಳಗಾಗುವುದರೊಳಗೆ ಓಣಿ ತುಂಬಿತು. ಪಕ್ಕದ ಮನೆಯ ಇಂದುಬಾಯಿ ಗೋಡೆಯ ಮೇಲಿಂದ, “ಅಕ್ಕವ್ವಾ, ಹೊಸಾ ಎತ್ತಿಗೆ ಹಿಂಡಿ ಇಟ್ಟೀಯೋ ಇಲ್ಲೋ?” ಎಂದು ಕೇಳಿದಳು. ಅಕ್ಕವ್ವ ಎರಡು ದಿನ ಅವಳಿಗೆ ಮೊಸರಿಗೆ ಹೆಪ್ಪು ಕೊಡಲಿಲ್ಲ.

ಕೃಷ್ಣಾತ ಆ ಮನೆಯಲ್ಲೇ ಉಳಿದು ಕೆಲಸ ಹಿಡಿದ. ಬ್ರೇಕಿನ ಸವೆದ ಭಾಗ ಬಿಚ್ಚಿಕೊಂಡು ಇಚಲಕರಂಜಿಗೆ ಹೋಗಿ, ಮಗ್ಗದ ಸಾಮಾನು ಕಡೆಯುವ ಲೇತಿನ ಮೇಲೆ ಹೊಸದು ಕಡೆಸಿ ತಂದ. ಗುರುಸಿದ್ದ ಅವನ ಕೈಗೆ ನಟ್ಟು ಬಿಚ್ಚುವ ಪಾನಾ ಕೊಡುತ್ತಾ, ಓಣಿಯ ಕೊನೆಯವರೆಗೆ ಓಡಿಸುವುದನ್ನೂ ನಿಲ್ಲಿಸುವುದನ್ನೂ ಕಲಿತ. ಬಾಳಕ್ಕ ಬೆಳಿಗ್ಗೆ ಎತ್ತುಗಳ ಮೈ ತೊಳೆದ ನೀರು ಉಳಿದರೆ ಜೀಪಿನ ಗಾಲಿಗೂ ಎರಚುತ್ತಿದ್ದಳು. ಅತ್ತೆ ನೋಡಿದರೆ ಕೊಡ ಕೆಳಗಿಟ್ಟು ಸುಮ್ಮನೆ ನಿಲ್ಲುವಳು.

ಐದನೆಯ ದಿನ ಊಟಕ್ಕೆ ಬಡಿಸುವಾಗ ಅಕ್ಕವ್ವ ಕೃಷ್ಣಾತನನ್ನು ನೇರವಾಗಿ ಕೇಳಿದಳು. “ಖರೇ ಹೇಳಪ್ಪಾ. ಇಂಥಾವು ಹೆಣಾ ಹೊರತಿದ್ದುವೋ ಇಲ್ಲೋ?”

ಕೃಷ್ಣಾತ ತುತ್ತು ಕೈಯಲ್ಲೇ ಹಿಡಿದ. “ಹೊತ್ತಿರಬಹುದು ಕಾಕೂ. ಸುಳ್ಳ್ಯಾಕ ಹೇಳಲಿ? ನಾ ಹೊಡದ ಜೀಪಿನ್ಯಾಗ ಗಾಯ ಆದವರನ್ನ ಹಾಕ್ಕೊಂಡು ಬರತಿದ್ವಿ. ಕೆಲವ್ರು ಹಾದ್ಯಾಗ ಹೋದ್ರು. ಭಾಳ ಮಂದಿ ಉಳದ್ರು. ನಮ್ಮ ಕಬನೂರಿನವನs ಒಬ್ಬ ಉಳದಾನ, ಈಗ ಅವಗ ಮೂರು ಮಕ್ಕಳು. ಜೀಪು ಬರಲಿಲ್ಲಂದ್ರ ಅವ ಮನಿ ಕಾಣತಿದ್ದಿಲ್ಲ.”

ಅಕ್ಕವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಳು. ಬೆಣ್ಣೆ ಆ ಮನೆಯಲ್ಲಿ ಎಲ್ಲರಿಗೂ ಸಿಗುತ್ತಿರಲಿಲ್ಲ.

ಮರುದಿನ ಕೃಷ್ಣಾತ ತನ್ನ ಮಗ್ಗಗಳಿಗೆ ಮರಳಿದ. ಪಂಚಮಿಗೆ ಎರಡೇ ದಿನ ಉಳಿದಿತ್ತು. ಅತ್ತೆ ಸೊಸೆ ಶೇಂಗಾ ಉಂಡಿ ಕಟ್ಟುತ್ತಾ ಕೂತಿದ್ದರು. ಮಾಡು ಎಂದಿನಂತೆ ಮೂರು ಕಡೆ ಸೋರುತ್ತಿತ್ತು. ಓಣಿಯಲ್ಲಿ ಯಾವನೋ ಅಣ್ಣ ತಂಗಿಯನ್ನು ಕರೆಯಲು ಬಂದ ಗಲಾಟೆ ಕೇಳುತ್ತಿತ್ತು.

ತಾರವ್ವ ಬೆಲ್ಲದ ಚೂರು ಚೀಪುತ್ತಾ, “ಅವ್ವಾ, ಪಂಚಮಿಗೆ ಅಜ್ಜಿ ಊರಾಗ ಜೋಕಾಲಿ ಎಲ್ಲಿ ಕಟ್ಟತಾರ?” ಎಂದು ಕೇಳಿದಳು.

“ಹಿತ್ತಲದಾಗಿನ ಹಲಸಿನ ಗಿಡಕ್ಕ” ಎಂದಳು ಬಾಳಕ್ಕ. ಇನ್ನೊಂದು ಉಂಡಿ ಹಿಡಿಯುತ್ತಾ, “ನಾ ಇದ್ದಾಗ ಕಟ್ಟತಿದ್ರು. ಈಗ ಎಲ್ಲಿ ಕಟ್ಟತಾರೋ, ನನಗ ಗೊತ್ತಿಲ್ಲವಾ” ಎಂದಳು.

ಅವಳ ದನಿಯಲ್ಲಿ ಅಳುವಿರಲಿಲ್ಲ. ಅದಕ್ಕೇ ಅಕ್ಕವ್ವನಿಗೆ ಎದೆಗೆ ತಾಗಿತು. ತನ್ನ ತವರು ನಾಲ್ಕೇ ಮೈಲು ದೂರದ, ಬಯಲಿನ ಊರು. ಅತ್ತೆ ಸಾಯುವವರೆಗೂ ತಾನು ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಈ ಹುಡುಗಿ ಒಂಬತ್ತು ವರ್ಷ ತನ್ನ ಜೊತೆ ಕೂತು ಉಂಡಿ ಕಟ್ಟಿದಳು, ಒಮ್ಮೆಯೂ ತಾನು ಕೇಳಲಿಲ್ಲವಲ್ಲ ಎನಿಸಿ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅಕ್ಕವ್ವ ಗದರುತ್ತಿದ್ದಳು.

“ಉಂಡಿ ಎಷ್ಟು ಸಣ್ಣು ಕಟ್ಟಾಕತ್ತಿ! ಬೀಗರ ಮನಿಗೆ ಇಂಥಾವನ್ನ ಒಯ್ಯೂದೇನು?”

ಬಾಳಕ್ಕ ತಲೆ ಎತ್ತಿದಳು. “ಯಾವ ಬೀಗರ ಮನಿಗ್ರಿ ಅತ್ತಿ?”

“ನನಗ ಬೀಗರು ಎಷ್ಟು ಮಂದಿ ಅದಾರ?”

“ಕರಿಯಾಕ ಯಾರೂ ಬಂದಿಲ್ರಿ. ಕರೀದ ತವರಿಗೆ ಹ್ಯಾಂಗ ಹೋಗೂದು?”

“ಅಣ್ಣ ಕರಿಯಾಕ ಬರಲಿಲ್ಲಂದ್ರ ಅತ್ತಿ ಬಿಡಾಕ ಬರತಾಳ. ಯಾವ ಶಾಸ್ತ್ರದಾಗ ಬ್ಯಾಡಂದೈತಿ?”

ಸಂಜೆ ಅಂಗಡಿಯಿಂದ ಬಂದ ಗಂಡಸರಿಗೆ ಅಕ್ಕವ್ವ ಬಾಗಿಲಲ್ಲೇ ಕರಾರು ಹೇಳಿದಳು. “ಎತ್ತು ತಂದ್ರ ಹೂಡಿ ನೋಡ್ತೀರಿ. ಇದನ್ನೂ ನೋಡೂಣು. ನಾಳೆ ನಾನು ಸೊಸೀನ ಕರಕೊಂಡು ಹೊಂಟೇನಿ. ಎರಡೂ ಹಳ್ಳಾ ದಾಟಿದ್ರ ಇರಲಿ. ಒಂದರಾಗ ನಿಂತ್ರೂ ಒಂಬತ್ತನೇ ದಿನ ತಿರಗಿ ಕೊಡೂದು. ನೀರು-ಗೀರು ನನಗ ಹೇಳಬ್ಯಾಡ್ರಿ.”

“ಅಡಿಗಿಮನಿ ಹಂಚು?” ಎಂದ ದುಂಡಪ್ಪ.

“ನನ್ನ ಅಡಿಗಿಮನಿ, ನಾ ನೋಡ್ಕೋತೇನಿ. ನೀವು ಎರಡು ದಿನ ಅಂಬಲಿ ಕಾಸ್ಕೊಂಡು ಕುಡೀರಿ.”

ಬೆಳಿಗ್ಗೆ ಹೊರಟರು. ಗುರುಸಿದ್ದ ಚುಕ್ಕಾಣಿ ಹಿಡಿದ. ಪಕ್ಕದಲ್ಲಿ ಅಕ್ಕವ್ವ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಜೀಪಿನ ಕಂಬಿ ಹಿಡಿದು, ಆಜರಾದವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಹಿಂದೆ ಬಾಳಕ್ಕ, ತಾರವ್ವ, ಸಜ್ಜೆರೊಟ್ಟಿಯ ಗಂಟು, ಉಂಡಿಯ ಡಬ್ಬಿ. ಆಜರಾ ದಾಟಿದ ಮೇಲೆ ಕೆಂಪು ಕೆಸರು ಶುರುವಾಯಿತು. ಜೀಪು ಹೂಂಕರಿಸುತ್ತಾ, ಜಾರುತ್ತಾ, ಹೋಯಿತು. ಮೊದಲನೆಯ ಹಳ್ಳ ದಾಟಿತು. ಅಕ್ಕವ್ವ ಒಂದು ಕಣ್ಣು ತೆರೆದಳು.

ಎರಡನೆಯ ಹಳ್ಳದ ನಡುವೆ ಎಂಜಿನ್ನು ಎರಡು ಸಲ ಕೆಮ್ಮಿ ಆರಿಹೋಯಿತು.

ಮೊಣಕಾಲುದ್ದ ನೀರು ಗಾಲಿಗಳಿಗೆ ಬಡಿಯುತ್ತಿತ್ತು. ಗುರುಸಿದ್ದ ಕೆಳಗಿಳಿದು ಬಾನೆಟ್ಟು ಎತ್ತಿ, ನೀರು ಹೊಕ್ಕ ಕಡೆ ಧೋತರದ ಚುಂಗಿನಿಂದ ಒರೆಸಿದ. ಎಂಜಿನ್ನು ಚಾಲೂ ಮಾಡಿ ನೋಡಿದ. ಹತ್ತಲಿಲ್ಲ. ಹಿಂದಿನಿಂದ ಬಾಳಕ್ಕ, ಯಾರ ಮುಖವನ್ನೂ ನೋಡದೆ, “ತಿರಗಿ ಹೋಗೂಣ್ರಿ. ನನಗೇನೂ ಅನಸೂದಿಲ್ಲ” ಎಂದಳು. ಅದು ಅದೇ ಹಳ್ಳ, ಎತ್ತು ಕಾಲು ಮುರಿದುಕೊಂಡದ್ದು.

“ದೂಡಿದ್ರ ಹತ್ತಬಹುದಿತ್ತು” ಎಂದ ಗುರುಸಿದ್ದ. “ನಾ ಒಬ್ಬ ಚುಕ್ಕಾಣಿ ಹಿಡೀಬೇಕು...”

ಅಕ್ಕವ್ವ ಸೀರೆಯ ನೆರಿಗೆ ಎತ್ತಿ ಕಚ್ಚೆ ಕಟ್ಟಿದಳು. ‘ಶಿವಶಿವಾ’ ಎಂದು ನೀರಿಗಿಳಿದಳು. “ಇಳಿಯs ಬಾಳಕ್ಕಾ. ತಾರೀ, ನೀ ಡಬ್ಬಿ ಹಿಡಕೊಂಡು ಅಲ್ಲೇ ಕುಂದರು.”

“ಅವ್ವಾ” ಎಂದ ಗುರುಸಿದ್ದ ಹೆದರುತ್ತಲೇ, “ನಿಂತ್ರ ತಿರಗಿ ಕೊಡೂದು ಅಂದಿದ್ದಿ...”

“ಮದಲ ದಾಟಸು! ಮಾತಾಡಾಕ ಆ ದಂಡ್ಯಾಗ ಜಾಗಾ ಭಾಳ ಐತಿ.”

ಅತ್ತೆ ಸೊಸೆ ಜೀಪಿನ ಬೆನ್ನಿಗೆ ಹೆಗಲು ಕೊಟ್ಟು ದೂಡಿದರು. ಗಾಲಿ ಅಲ್ಲಾಡಿತು, ಮತ್ತೆ ಹಿಂದಕ್ಕೆ ಬಂತು. “ಎತ್ತಿಗೆ ಹೇಳಿದಂಗ ಹೇಳು!” ಎಂದಳು ಅಕ್ಕವ್ವ. ಇಬ್ಬರೂ ಒಟ್ಟಿಗೆ “ಹೈಕ್!” ಎಂದು ಕೂಗಿ ಮೈಯೆಲ್ಲ ಬಿಟ್ಟರು. ಜೀಪು ಒಮ್ಮೆ ಜಗ್ಗಿ, ಗುಡುಗಿ, ಹತ್ತಿಕೊಂಡಿತು. ಹಿಂದಿನ ಗಾಲಿಗಳು ಇಬ್ಬರಿಗೂ ಮುಖದ ತುಂಬ ಕೆಂಪು ಕೆಸರು ಎರಚಿ, ಆಚೆ ದಡ ಏರಿ ನಿಂತವು. ನೀರಿನಲ್ಲಿ ನಿಂತ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದಿಲ್ಲ.

ಊರಿನ ತಿರುವು ದಾಟಿದ ಕೂಡಲೇ ಹಿತ್ತಿಲು ಕಂಡಿತು. ಹಲಸಿನ ಮರದ ಅದೇ ಕೊಂಬೆಯಿಂದ ಹೊಸ ಹಗ್ಗದ ಜೋಕಾಲಿ ಇಳಿಬಿದ್ದಿತ್ತು. ಮಳೆಗೆ ನೆನೆಯುತ್ತಾ ಖಾಲಿಯೇ ತೂಗುತ್ತಿತ್ತು. ಬಾಳಕ್ಕ ತಾರವ್ವನಿಗೆ ಬೆರಳು ಮಾಡಿ ತೋರಿಸಿದಳು.

ಮೋಟರಿನ ಸಪ್ಪಳಕ್ಕೆ ಅಧಿಕಾರಿಗಳು ಯಾರೋ ಬಂದರೆಂದು ಹೆದರಿ ಹೊರಬಂದ ಬಾಳಕ್ಕನ ತಾಯಿ ಗೌರವ್ವ, ಕೆಸರು ಮೆತ್ತಿದ ಇಬ್ಬರು ಹೆಂಗಸರನ್ನು ಕಂಡು ಅಂಗಳದಲ್ಲೇ ನಿಂತಳು. ಮಗಳ ಗುರುತು ಹತ್ತಿದಾಗ, “ಯಾರ ಕೂಡ ಬಂದಿವಾ? ನಿನ್ನ ಕರಿಯಾಕ ಯಾರೂ...” ಎಂದು ಶುರುಮಾಡಿ ಸೆರಗು ಬಾಯಿಗೆ ಹಿಡಿದಳು.

“ಜೋಕಾಲಿ ಯಾರಿಗೆ ಕಟ್ಟೀಬೇ?” ಎಂದಳು ಬಾಳಕ್ಕ.

“ಪ್ರತೀ ವರ್ಷ ಕಟ್ಟಸ್ತೇನಿ. ಕಟ್ಟದಿದ್ರ ನನಗ ಹಬ್ಬ ಅನಸೂದಿಲ್ಲ.”

ಗೌರವ್ವ ಒಳಗೆ ಓಡಿ ತಂಬಿಗೆ ತಂದಳು. ಮಗಳ ಕಾಲಿಗೆ ನೀರು ಹಾಕಿದಳು. ಬೀಗತಿಯ ಕಾಲಿಗೆ ಎರಡು ತಂಬಿಗೆ ಹಾಕಿದಳು, ಕೆಸರು ಅಷ್ಟಿತ್ತು. ಅಳಿಯನಿಗೆ, ಮೊಮ್ಮಗಳಿಗೆ ಹಾಕಿದಳು. ತಂಬಿಗೆಯಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿತ್ತು. ಅವಳು ಹೊಗೆಯಾಡುತ್ತಾ ನಿಂತ ಜೀಪಿನ ಕಡೆ ಅಳುಕಿನಿಂದ ನೋಡಿ, “ಇದಕ್ಕೂ ಹಾಕಲೇನ್ರಿ ಅಕ್ಕಾರ? ನನ್ನ ಮಗಳನ್ನ ತಂದೈತಿ” ಎಂದು ಕೇಳಿದಳು.

ಗುರುಸಿದ್ದ ತಾಯಿಯ ಮುಖವನ್ನೇ ನೋಡಿದ.

ಅಕ್ಕವ್ವ ಸೆರಗಿನಿಂದ ಮುಖದ ಕೆಸರು ಒರೆಸಿಕೊಂಡಳು.

“ಬ್ಯಾಡ್ರಿ” ಎಂದಳು. “ಅದಕ್ಕ ನಾ ಮನ್ನೇನ ಹಾಕೇನಿ.”